ಗೊಣಗಣ್ಣನ ಬೈಗುಳದ ಮರ

ನಮ್ಮ ಬೀದಿಯ ತುದಿಯಲ್ಲಿ ಒಂದು ಮರವಿದೆ. ಅದರ ಹೆಸರು ನಮಗಾರಿಗೂ ಗೊತ್ತಿಲ್ಲ. ಗೊತ್ತಿದ್ದವರೊಬ್ಬರು ಹಿಂದೊಮ್ಮೆ ಬಂದು ಹೇಳಿ ಹೋದರಂತೆ. ಆ ಹೆಸರು ಎಷ್ಟು ಉದ್ದವಿತ್ತೆಂದರೆ, ಅವರು ಹೇಳಿ ಮುಗಿಸುವಷ್ಟರಲ್ಲಿ ಕೇಳುತ್ತಿದ್ದವರ ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗಿತ್ತು. ಅಂದಿನಿಂದ ನಾವು ಆ ತಂಟೆಗೇ ಹೋಗದೆ ಹಳದಿ ಮರ ಎಂದು ಕರೆಯುತ್ತ ಬಂದಿದ್ದೇವೆ. ವರ್ಷದ ಬಹುಪಾಲು ಅದು ಎಲ್ಲ ಮರಗಳ ಹಾಗೆ ಹಸಿರಾಗಿಯೇ ಇರುತ್ತದೆ. ಆದರೆ ಯಾರನ್ನಾದರೂ ಅವರ ಒಳ್ಳೆಯ ದಿನಗಳಿಂದಲೇ ನೆನೆಯಬೇಕಲ್ಲವೆ?

ಅದರ ಒಳ್ಳೆಯ ದಿನಗಳು ಬರುವುದು ಶರತ್ಕಾಲದಲ್ಲಿ. ಬಿಸಿಲು ಸೊಂಟ ಬಗ್ಗಿಸಿ ಓರೆಯಾಗಿ ಬೀದಿಗಿಳಿಯುತ್ತದೆ. ಪೆಟ್ಟಿಗೆಯ ತಳದಿಂದ ಸ್ವೆಟರುಗಳು ಮೇಲಕ್ಕೆ ಬಂದು, ಬೀದಿಯೆಲ್ಲ ನುಸಿಗುಳಿಗೆಯ ವಾಸನೆ ಹೊಡೆಯುತ್ತದೆ. ಸಾಲು ಕಟ್ಟಿದ ಹಕ್ಕಿಗಳು ಎಲ್ಲಿಗೋ ತುರ್ತು ಕೆಲಸವಿದ್ದಂತೆ ಹಾರಿಹೋಗುತ್ತವೆ. ಆಗ ಈ ಮರ ಒಂದು ದಿನ ಕೆನ್ನೆಯಷ್ಟು, ಇನ್ನೊಂದು ದಿನ ತೋಳಷ್ಟು, ಹೀಗೆ ಮೈಯೆಲ್ಲ ಹಳದಿಯಾಗುತ್ತದೆ. ಆ ಹಳದಿ ಸಾಧಾರಣದ್ದಲ್ಲ. ಎದುರುಮನೆಯ ಯಜಮಾನರು ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಕಾಮಾಲೆಯಾಯಿತೆಂದು ವೈದ್ಯರಲ್ಲಿಗೆ ಓಡಿದರು. ವೈದ್ಯರ ಕಿಟಕಿಯೂ ಅದೇ ಮರಕ್ಕೆ ಎದುರು. ಅವರು ರೋಗಿಯನ್ನು ನೋಡಿದರು, ತಮ್ಮ ಅಂಗೈಯನ್ನು ನೋಡಿಕೊಂಡರು, ಇಬ್ಬರಿಗೂ ಸೇರಿಸಿ ಔಷಧಿ ಬರೆದರು.

ಇನ್ನು ಎಲೆ ಉದುರಿಸುವ ವಿಚಾರ. ಬೇರೆ ಮರಗಳು ದಿನಕ್ಕಿಷ್ಟು ಎಂದು ಮರ್ಯಾದೆಯಿಂದ ಉದುರಿಸುತ್ತವೆ. ಇದು ಹಾಗಲ್ಲ. ಆಗಾಗ ಮುಷ್ಟಿ ಮುಷ್ಟಿ ಎಸೆಯುತ್ತ ಆಟವಾಡಿಸಿ, ಕೊನೆಗೊಂದು ದಿನ, ಚಳಿ ಸರಿಯಾಗಿ ಕಚ್ಚಿದ ಬೆಳಿಗ್ಗೆ, ಮೈ ಕೊಡವಿಕೊಂಡು ಇದ್ದದ್ದನ್ನೆಲ್ಲ ಒಮ್ಮೆಗೇ ಸುರಿದುಬಿಡುತ್ತದೆ. ಹಾಗೆ ಸುರಿದ ಒಂದು ವರ್ಷ ಅಂಚೆಯಣ್ಣನ ಸೈಕಲ್ಲು ಎಲೆಯಲ್ಲಿ ಮುಳುಗಿಹೋಗಿ, ಮರುವರ್ಷದ ಬೇಸಿಗೆಗೆ ಸಿಕ್ಕಿತು. ಗಾಳಿ ಬಂದಾಗಲೆಲ್ಲ ಚಳಿಗಾಲ ಪೂರ್ತಿ ಒಳಗಿನಿಂದ ಬೆಲ್ಲು ಕೇಳಿಸುತ್ತಿತ್ತು.

ಈ ಎಲೆಯನ್ನೆಲ್ಲ ಗುಡಿಸುತ್ತಿದ್ದವನು ಗೊಣಗಣ್ಣ. ನಗರಸಭೆಯ ಪೌರಕಾರ್ಮಿಕ. ಹೆತ್ತವರು ಇಟ್ಟ ಹೆಸರು ಬೇರೊಂದಿತ್ತು, ಆದರೆ ಅದು ಸಂಬಳದ ದಿನ ಮಾತ್ರ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಮನುಷ್ಯ ಎಷ್ಟು ಸಪೂರವೆಂದರೆ, ಉದ್ದ ಕೋಲಿನ ಪೊರಕೆ ಹಿಡಿದು ದೂರದಿಂದ ಬರುವಾಗ ಯಾರು ಯಾರನ್ನು ಹಿಡಿದುಕೊಂಡಿದ್ದಾರೆಂದು ಹೇಳುವುದು ಕಷ್ಟವಿತ್ತು. ಮೀಸೆಯೂ ಪೊರಕೆಯ ಹಾಗೆಯೇ. ಒಂದು ಕಡೆ ಸವೆದದ್ದು. ಆದರೆ ಗಂಟಲು ಮಾತ್ರ ದೇವರು ಬೇರೆ ಯಾವುದೋ ದೊಡ್ಡ ಪ್ರಾಣಿಗೆಂದು ಮಾಡಿಟ್ಟಿದ್ದನ್ನು ಗಡಿಬಿಡಿಯಲ್ಲಿ ಇವನಿಗೆ ಕೂರಿಸಿದ್ದಿರಬೇಕು. ಅವನ ಗೊಣಗಾಟ ಬೀದಿಯ ಆ ತುದಿಯಲ್ಲಿ ಶುರುವಾದರೆ ಈ ತುದಿಯ ಒಲೆಗಳ ಮೇಲೆ ಹಾಲು ಉಕ್ಕುತ್ತಿತ್ತು.

ಗೊಣಗಣ್ಣನ ಬಾಯಿಗೆ ಒಂದು ಕಾನೂನಿತ್ತು. ಬೇಕಾದವರನ್ನು ಬೈಯುವುದು, ಬೇಡದವರನ್ನು ಹೊಗಳುವುದು. ಇದನ್ನು ತಿಳಿದುಕೊಳ್ಳದೆ ನಮ್ಮ ಬೀದಿಯಲ್ಲಿ ಬಾಳುವೆ ಮಾಡಲಾಗುತ್ತಿರಲಿಲ್ಲ. ಬೇಕರಿಯವನು ಹೊಸದಾಗಿ ಅಂಗಡಿ ಇಟ್ಟಾಗ ಗೊಣಗಣ್ಣ ದಿನವೂ ಬ್ರೆಡ್ಡು ಕೊಂಡು, "ಬಹಳ ಚೆನ್ನಾಗಿದೆ ಸ್ವಾಮಿ," ಎಂದು ಕೈಮುಗಿದು ಹೋಗುತ್ತಿದ್ದ. ಬೇಕರಿಯವನು ಹಿಗ್ಗಿ ತನ್ನದೇ ಒಲೆಯಲ್ಲಿಟ್ಟ ಹಿಟ್ಟಿನ ಹಾಗೆ ಉಬ್ಬಿದ್ದ. ಬಹಳ ದಿನಗಳ ಮೇಲೆ ಒಂದು ಬೆಳಿಗ್ಗೆ ಗೊಣಗಣ್ಣ ಬ್ರೆಡ್ಡನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡಿ, "ಏನಯ್ಯಾ, ಇದು ಬ್ರೆಡ್ಡೋ ಇಟ್ಟಿಗೆಯೋ? ಮನೆ ಕಟ್ಟಿಸೋರಿಗೆ ಮಾರ್ಕೋ ಹೋಗು," ಅಂದ. ಬೇಕರಿಯವನಿಗೆ ಕೋಪ ನೆತ್ತಿಗೇರಿತು. ಆಗ ಮರದ ಕೆಳಗಿನಿಂದ ಇಸ್ತ್ರಿ ಅಕ್ಕ ಎದ್ದು ಬಂದು ಸಮಾಧಾನ ಹೇಳಿದಳು: "ಕೋಪ ಮಾಡ್ಕೋಬೇಡಪ್ಪ. ಇವತ್ತಿಂದ ನೀನು ನಮ್ಮವನು ಅಂತ ಅರ್ಥ. ಇನ್ನು ನಿನಗೆ ಹುಷಾರಿಲ್ಲ ಅಂದ್ರೆ ನಿನ್ನ ಅಂಗಡಿ ಬಾಗಿಲು ತೆಗೆಯೋಕೆ ಇವರೇ ಬರ್ತಾರೆ, ನೋಡ್ತಿರು." ಹಾಗೆಯೇ ಆಯಿತು ಕೂಡ. ಈಗ ಬೇಕರಿಯವನಿಗೆ ಬೆಳಿಗ್ಗೆ ಇಟ್ಟಿಗೆ ಅನ್ನಿಸಿಕೊಳ್ಳದಿದ್ದರೆ ವ್ಯಾಪಾರದಲ್ಲಿ ಮನಸ್ಸೇ ನಿಲ್ಲುವುದಿಲ್ಲ.

ಇಸ್ತ್ರಿ ಅಕ್ಕ ಗೊಣಗಣ್ಣನ ಹೆಂಡತಿ. ಹಳದಿ ಮರದ ಬುಡದಲ್ಲಿ ಆಕೆಯ ಮೇಜು, ಮೇಜಿನ ಮೇಲೆ ಸುಟ್ಟ ಕಲೆಗಳ ಕಂಬಳಿ, ಕೆಂಡ ತುಂಬುವ ಭಾರದ ಇಸ್ತ್ರಿಪೆಟ್ಟಿಗೆ. ಗಂಡನಿಗೆ ಎಷ್ಟು ಗಂಟಲಿತ್ತೋ ಆಕೆಗೆ ಅಷ್ಟು ತಾಳ್ಮೆ. ಮಾತು ಕಡಿಮೆ. ಆದರೆ ಆಡಿದ ಮಾತಿನಲ್ಲಿ ಸುಕ್ಕು ಇರುತ್ತಿರಲಿಲ್ಲ.

ಅವರಿಬ್ಬರು ಜೋಡಿಯಾದದ್ದೂ ಆ ಮರದ ದೆಸೆಯಿಂದಲೇ. ಗೊಣಗಣ್ಣ ಹೊಸದಾಗಿ ಕೆಲಸಕ್ಕೆ ಸೇರಿದ ಶರತ್ಕಾಲದಲ್ಲಿ ಆಕೆ ಆಗಲೇ ಮರದ ಕೆಳಗೆ ತಾಯಿಯ ಜೊತೆ ಇಸ್ತ್ರಿ ಮಾಡುತ್ತಿದ್ದಳು. ಹರೆಯದ ಹುಡುಗ, ಮಾತಾಡಿಸಲು ಧೈರ್ಯವಿಲ್ಲ. ಹಾಗಂತ ಸುಮ್ಮನಿರುವ ಜಾಯಮಾನವೂ ಅಲ್ಲ. ಅವನು ಮರವನ್ನು ಬೈಯಲು ಶುರುಮಾಡಿದ. "ಬಂದ್ಯಾ ಪಾಪಿ? ರಾತ್ರಿ ಎಲ್ಲ ಇದೇ ಕೆಲಸ ಮಾಡ್ತಾ ಕೂತಿದ್ಯಾ? ಇದನ್ನ ಯಾರು ಗುಡಿಸ್ತಾರೆ, ನಿಮ್ಮಪ್ಪ ಬರ್ತಾನಾ?" ಹುಡುಗಿ ತಲೆ ಎತ್ತದೆ ನಕ್ಕಳು. ಆ ನಗು ಸಾಕಾಯಿತು. ಮಾರನೆಯ ದಿನ ಇನ್ನೂ ಎರಡು ಹೊಸ ಬೈಗುಳ ತಂದ. ಆ ವರ್ಷ ಅವನು ಮರವನ್ನು ಬೈದಷ್ಟು ಯಾರೂ ಯಾವ ಹಾಡಿನಲ್ಲೂ ಯಾರನ್ನೂ ಹೊಗಳಿರಲಾರರು. ಅವನು ಮರಕ್ಕೆ ಹೇಳುತ್ತಿದ್ದ, ಅವಳು ಕೇಳಿಸಿಕೊಳ್ಳುತ್ತಿದ್ದಳು. ಎಲೆ ಮುಗಿದ ಮೇಲೂ ಗುಡಿಸಲು ಏನೂ ಇಲ್ಲದ ಜಾಗದಲ್ಲಿ ಅವನು ಗುಡಿಸುತ್ತಿರುವುದನ್ನು ನೋಡಿ ಹುಡುಗಿಯ ತಾಯಿ, "ಏನಪ್ಪಾ, ರಸ್ತೆನ ತೂತು ಮಾಡ್ಬೇಕು ಅಂತಿದ್ದೀಯಾ? ಬಂದು ಕೇಳೋದನ್ನ ಕೇಳಬಾರದಾ?" ಅಂದಳಂತೆ. ಮುಂದೆ ಅವರ ಮಗಳು ನಡೆಯಲು ಕಲಿತದ್ದೂ ಅದೇ ಮರದ ಕಾಂಡ ಹಿಡಿದುಕೊಂಡು. ಮಗು ಬಿದ್ದು ಅತ್ತಾಗ ಗೊಣಗಣ್ಣ ಮರಕ್ಕೆ ಪೊರಕೆಯಿಂದ ಒಂದು ಏಟು ಕೊಟ್ಟು, "ಮಗು ಬೀಳೋದನ್ನ ನೋಡ್ತಾ ನಿಂತಿದ್ಯಲ್ಲ, ಕೈ ಇಲ್ವಾ ನಿನಗೆ? ಇಷ್ಟು ಕೊಂಬೆ ಯಾಕೆ ಇಟ್ಕೊಂಡಿದ್ದೀಯಾ?" ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಅವನ ಬೈಗುಳಗಳಲ್ಲಿ ಒಂದು ಮಾತ್ರ ಪ್ರತಿ ಶರತ್ಕಾಲಕ್ಕೂ ತಪ್ಪದೆ ಬರುತ್ತಿತ್ತು. ಗುಡಿಸಿ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಮರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಇರು, ನಿನ್ನ ಕಡಿಸಿ ಒಲೆಗೆ ಹಾಕಿಸ್ತೀನಿ," ಅನ್ನುತ್ತಿದ್ದ. ಅದಾದ ಮೇಲೆ ಬುಡಕ್ಕೆ ಬೆನ್ನು ಕೊಟ್ಟು ಕೂತು, ಹೆಂಡತಿ ಕೊಟ್ಟ ಚಹಾ ಕುಡಿಯುತ್ತಿದ್ದ.

ಈ ಮಾತು ಹೊಸ ಮೇಲ್ವಿಚಾರಕಿಯ ಕಿವಿಗೆ ಬಿದ್ದದ್ದೇ ಎಲ್ಲಕ್ಕೂ ಮೂಲ.

ಮೇಲ್ವಿಚಾರಕಿ ನಗರಸಭೆಗೆ ಬೇರೆ ಊರಿನಿಂದ ವರ್ಗವಾಗಿ ಬಂದಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೀದಿಗೆಲ್ಲ ಮೇಡಂ. ಸ್ಕೂಟರಿನಲ್ಲಿ ಬರುತ್ತಿದ್ದಳು. ಮಳೆಯಿಲ್ಲದ ದಿನವೂ ಬಗಲಲ್ಲಿ ಕೊಡೆ. ಕೆಡುಕೆಂಬುದು ಆಕೆಯ ಏಳು ತಲೆಮಾರಿನಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಆಕೆ ಬೆಳೆದದ್ದು ಹಸಿವಾದರೆ ಹಸಿವು, ನೋವಾದರೆ ನೋವು ಎಂದು ಹೇಳುವ ಜನರ ನಡುವೆ. ಯಾರಾದರೂ ಕಡಿಸಬೇಕು ಅಂದರೆ ಕಡಿಸಬೇಕು ಎಂದೇ ಅವಳ ತಿಳುವಳಿಕೆ. ಗೊಣಗಣ್ಣ ಆಕೆಯನ್ನು ಕಂಡಾಗಲೆಲ್ಲ ಪೊರಕೆ ಬದಿಗಿಟ್ಟು, "ಬನ್ನಿ ಮೇಡಂ. ತಾವು ಬಂದ ಮೇಲೆ ಎಲ್ಲಾ ಅನುಕೂಲ ಆಯ್ತು," ಅನ್ನುತ್ತಿದ್ದ. ಆಕೆಗೆ ಅದೊಂದು ಗೌರವ. ನಮಗೋ, ಪಾಪ ಈ ಹುಡುಗಿ ಅವನ ಲೆಕ್ಕಕ್ಕೆ ಇನ್ನೂ ಬಂದಿಲ್ಲವಲ್ಲ ಎಂದು ಮರುಕ.

ಅದು ಗೊಣಗಣ್ಣನ ಕೆಲಸದ ಕೊನೆಯ ಶರತ್ಕಾಲ. ಚಳಿಗಾಲಕ್ಕೆ ನಿವೃತ್ತಿ. ಒಂದು ಬೆಳಿಗ್ಗೆ ಮೇಡಂ ಸ್ಕೂಟರು ನಿಲ್ಲಿಸುವಾಗ ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಮರದ ಕಡೆ ನೋಡಿ, "ನಿನ್ನಿಂದ ನನ್ನ ಸೊಂಟ ಹೋಯ್ತು, ವಯಸ್ಸು ಹೋಯ್ತು. ಹೋಗೋದ್ರೊಳಗೆ ನಿನ್ನ ಕಡಿಸಿ ಒಲೆಗೆ ಹಾಕಿಸದಿದ್ರೆ ಕೇಳು," ಅನ್ನುತ್ತಿದ್ದ. ಮೇಡಂ ಕೇಳಿದಳು. ಆಕೆಯ ಕರುಳು ಚುರುಕ್ಕೆಂದಿತು. ತನ್ನ ತಂದೆಗೂ ಸೊಂಟ ನೋವಿತ್ತಂತೆ. ಯಾರಿಗೂ ಏನೂ ಹೇಳದೆ ಕಚೇರಿಗೆ ಹೋದವಳು, ಮೇಲಿನವರ ಮೇಜಿನಿಂದ ಮೇಜಿಗೆ ಅಲೆದು, ಅಲ್ಲಿನ ಕುರ್ಚಿಗಳೇ ಬೇಸತ್ತು ಎದ್ದು ನಿಲ್ಲುವವರೆಗೆ ಪಟ್ಟು ಹಿಡಿದು, ಮರ ಕಡಿಯಲು ಅಪ್ಪಣೆ ತಂದಳು.

ಅಪ್ಪಣೆ ಸಿಕ್ಕಿದ ದಿನ ಒಂದು ಚೀಲ ಹಣ್ಣು ಹಿಡಿದುಕೊಂಡು ಬಂದಳು. ಬೇಕರಿಯ ಮುಂದೆ ಜನವಿತ್ತು.

"ಯಜಮಾನರೇ, ನಿಮಗೊಂದು ಸಂತೋಷದ ಸುದ್ದಿ."

"ಹೇಳಿ ಮೇಡಂ," ಅಂದ ಗೊಣಗಣ್ಣ.

"ಇನ್ನು ನಿಮಗೆ ಆ ಮರದ ಕಾಟ ಇಲ್ಲ. ಬರೋ ಸೋಮವಾರ ಕಡಿಯೋಕೆ ಬರ್ತಾರೆ. ನೀವು ಹೋಗೋ ಮುಂಚೆ ನಿಮ್ಮ ಆಸೆ ಒಂದನ್ನಾದ್ರೂ ತೀರಿಸಬೇಕು ಅಂತ ನನಗಿತ್ತು."

ಬೇಕರಿಯವನ ಕೈಯಿಂದ ಇಕ್ಕಳ ಬಿತ್ತು. ಮರದ ಕೆಳಗೆ ಇಸ್ತ್ರಿ ಅಕ್ಕನ ಕೈ ಓಡುತ್ತಿದ್ದದ್ದು ನಿಂತಿತು. ಇಸ್ತ್ರಿ ಮಾಡುವವರ ಕೈ ನಿಲ್ಲಬಾರದು. ನಿಂತರೆ ಏನಾಗುತ್ತದೋ ಅದೇ ಆಯಿತು. ಹೊಗೆ ಎದ್ದಾಗಲೇ ಆಕೆಗೆ ಎಚ್ಚರ. ಪೆಟ್ಟಿಗೆಯ ಕೆಳಗಿದ್ದ ಅಂಗಿಯ ಬೆನ್ನ ಮೇಲೆ ದೋಣಿಯಾಕಾರದ ಕಂದು ಕಲೆಯೊಂದು ಉಳಿಯಿತು. ಅದರ ಒಡೆಯರು ಆ ಚಳಿಗಾಲ ಪೂರ್ತಿ ಮನೆಯೊಳಗೂ ಕೋಟು ಬಿಚ್ಚಲಿಲ್ಲ.

ಗೊಣಗಣ್ಣ ಹಣ್ಣಿನ ಚೀಲ ತೆಗೆದುಕೊಂಡ. ಮೀಸೆ ಸವರಿಕೊಂಡ. "ಬಹಳ ಉಪಕಾರ ಆಯ್ತು ಮೇಡಂ," ಅಂದ.

ಆ ಮಾತು ಕೇಳಿ ನಮಗೆಲ್ಲ ಎದೆ ಧಸಕ್ಕೆಂದಿತು.

ಅವರ ಮನೆ ಬೀದಿಯ ಹಿಂಬದಿಯ ಓಣಿಯಲ್ಲಿ. ಒಂದೇ ಕೋಣೆ, ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಯಾರ್ಯಾರದೋ ಬಟ್ಟೆಯ ಗಂಟುಗಳು, ನಡುವೆ ಇಬ್ಬರು ಕೂತರೆ ಮೂರನೆಯವರು ಹೊಸ್ತಿಲ ಆಚೆ. ಆ ಸಂಜೆ ಗೊಣಗಣ್ಣ ತಟ್ಟೆಯ ಮುಂದೆ ಕೂತು ಸದ್ದಿಲ್ಲದೆ ಉಂಡ.

"ಉಪ್ಪು ಸರಿಯಾಗಿದೆಯಾ?" ಎಂದು ಅಕ್ಕ ಕೇಳಿದಳು. ಬೇಕೆಂದೇ ಒಂದು ಕಾಳು ಉಪ್ಪೂ ಹಾಕಿರಲಿಲ್ಲ.

"ಚೆನ್ನಾಗಿದೆ."

"ಅಯ್ಯೋ, ಜ್ವರ ಬಂದಿದೆಯಾ ಏನ್ರಿ?" ಎಂದು ಹಣೆ ಮುಟ್ಟಿ ನೋಡಿದಳು. "ಹೋಗಿ ಹೇಳ್ಬಾರದಾ ಆ ಹುಡುಗಿಗೆ, ಮರ ಇರ್ಲಿ ಅಂತ?"

"ಏನಂತ ಹೇಳ್ಲಿ? ಇಷ್ಟು ವರ್ಷ ಬೈದಿದ್ದೆಲ್ಲ ಸುಳ್ಳು ಅಂತಲಾ? ಊರೆಲ್ಲ ನಗಲ್ವಾ?"

"ನನ್ನನ್ನೂ ಇಷ್ಟು ವರ್ಷ ಬೈದಿದ್ದೀರಲ್ಲ. ನಾಳೆ ಆಯಮ್ಮ ನಿಮ್ಮ ಕಷ್ಟ ನೋಡಲಾರದೆ ನನ್ನನ್ನೂ ಲಾರಿಗೆ ಹಾಕ್ಸಿದ್ರೆ ಏನ್ ಮಾಡ್ತೀರಾ? ಆಗಲೂ ಬಹಳ ಉಪಕಾರ ಆಯ್ತು ಮೇಡಂ ಅಂತೀರಾ?"

ಗೊಣಗಣ್ಣ ತಟ್ಟೆ ನೋಡಿದ.

"ನೀನೇ ಹೇಳು ಹೋಗು," ಅಂದ.

"ನಾನ್ಯಾಕೆ ಹೇಳ್ಲಿ? ಬೈದೋರು ನೀವು. ಹುಟ್ಟಿದ್ಮೇಲೆ ಒಂದ್ಸಲ ಆದ್ರೂ ಬಾಯಿ ಬಿಟ್ಟು ಬೇಕು ಅನ್ನಿ. ಬೇಕಾದ್ದನ್ನ ಬೇಕು ಅಂದ್ರೆ ಹಲ್ಲು ಉದುರೋದಿಲ್ಲ." ಆಕೆ ತಟ್ಟೆ ಎತ್ತಿಕೊಂಡು ಎದ್ದಳು. "ನನಗೂ ಕೇಳ್ಬೇಕು ಅಂತ ಬಹಳ ದಿನದಿಂದ ಇದೆ."

ಮಾರನೆಯ ದಿನದಿಂದ ಗೊಣಗಣ್ಣ ಬೇಕು ಎಂಬ ಒಂದು ಮಾತನ್ನು ತಪ್ಪಿಸಲು ಇಲ್ಲದ ಸರ್ಕಸ್ಸು ಶುರುಮಾಡಿದ. ಮೊದಲು ಮೇಡಂ ಹತ್ತಿರ ಹೋಗಿ, "ಮರ ಹೋದ್ರೆ ನಮ್ಮವಳಿಗೆ ನೆರಳು ಹೋಗುತ್ತೆ ಮೇಡಂ. ನನಗೇನಿಲ್ಲ," ಅಂದ. ಮೇಡಂ ಆ ಸಂಜೆಯೇ ದೊಡ್ಡದೊಂದು ಬಣ್ಣದ ಕೊಡೆ ತಂದು ಇಸ್ತ್ರಿ ಮೇಜಿನ ಪಕ್ಕ ನೆಟ್ಟಳು. ಅದರ ಕೆಳಗೆ ಒಂದು ಸಂಸಾರ ಬಾಡಿಗೆಗೆ ಇರಬಹುದಿತ್ತು. ಆಮೇಲೆ, "ಮರ ಬೀಳುವಾಗ ವಿದ್ಯುತ್ ತಂತಿ ಮೇಲೆ ಬಿದ್ರೆ ಕಷ್ಟ," ಅಂದ. "ಆವತ್ತು ಬೆಳಿಗ್ಗೆ ಕರೆಂಟು ತೆಗೆಸ್ತೀನಿ ಯಜಮಾನರೇ, ನೀವು ಒಂದಕ್ಕೂ ಯೋಚನೆ ಮಾಡ್ಬೇಡಿ," ಅಂದಳು. ಮೂರನೆಯ ಸಲ, "ಹಕ್ಕಿ ಗೂಡು ಇರಬಹುದು," ಎಂದಾಗ ಆಕೆ ಬೇಸರಿಸದೆ ಏಣಿ ತರಿಸಿ ತಾನೇ ಹತ್ತಿ ನೋಡಿ, ಇಲ್ಲ ಎಂದು ಖಾತ್ರಿ ಮಾಡಿಕೊಂಡು, ತಲೆಕೂದಲ ತುಂಬ ಎಲೆ ಸಿಕ್ಕಿಸಿಕೊಂಡು ಇಳಿದಳು. ಒಳ್ಳೆಯತನವನ್ನು ತಡೆಯುವುದು ಎಷ್ಟು ಕಷ್ಟವೆಂದು ಗೊಣಗಣ್ಣನಿಗೆ ಆಗ ತಿಳಿಯಿತು.

ಬೇಕರಿಯವನಿಗೆ ತಡೆಯಲಾಗಲಿಲ್ಲ. "ಮೇಡಂ, ಗೊಣಗಣ್ಣನಿಗೆ ಆ ಮರ ಅಂದ್ರೆ ಪ್ರಾಣ," ಎಂದುಬಿಟ್ಟ.

ಮೇಡಂ ನಕ್ಕಳು. "ತಮಾಷೆ ಮಾಡ್ಬೇಡಿ. ಅವರು ಅದಕ್ಕೆ ಏನೇನ್ ಅಂತಾರೆ ಅಂತ ನಾನೇ ಕಿವಿಯಾರೆ ಕೇಳಿದ್ದೀನಿ. ಬೇಕಾದ್ರೆ ಅವರನ್ನೇ ಕೇಳೋಣ." ಗೊಣಗಣ್ಣ ತಳ್ಳುಗಾಡಿ ನೂಕಿಕೊಂಡು ಅಲ್ಲಿಯೇ ಹೋಗುತ್ತಿದ್ದ. "ಯಜಮಾನರೇ, ಆ ಮರ ಇರಬೇಕು ಅಂತ ನಿಮಗೇನಾದ್ರೂ ಆಸೆ ಇದೆಯಾ? ಇದ್ರೆ ಈಗಲೇ ಹೇಳಿ, ನಿಲ್ಲಿಸ್ತೀನಿ."

ಒಂದು ಮಾತಿನ ಕೆಲಸ. ಇಸ್ತ್ರಿ ಅಕ್ಕ ಈ ಸಲ ಪೆಟ್ಟಿಗೆಯನ್ನು ಮೊದಲೇ ಬದಿಗಿಟ್ಟಳು. ಗೊಣಗಣ್ಣ ಬಾಯಿ ತೆರೆದ, ಮುಚ್ಚಿದ, ತಳ್ಳುಗಾಡಿಯ ಹಿಡಿ ನೋಡಿದ.

"ನನಗ್ಯಾಕೆ ಮೇಡಂ ಮರ?" ಅಂದ.

"ನೋಡಿದ್ರಾ?" ಎಂದು ಮೇಡಂ ಬೇಕರಿಯವನ ಕಡೆ ತಿರುಗಿದಳು. ಅಕ್ಕ ಪೆಟ್ಟಿಗೆಯನ್ನು ಮತ್ತೆ ಕೈಗೆ ತೆಗೆದುಕೊಂಡು, ಯಾರದೋ ಪ್ಯಾಂಟಿನ ಮೇಲೆ ಎಂಥ ಗೆರೆ ಎಳೆದಳೆಂದರೆ, ಅದನ್ನು ಹಾಕಿಕೊಂಡವರು ಕಾಲು ಮಡಿಸಿದರೆ ಕುಯ್ಯುವಂತಿತ್ತು.

ಸೋಮವಾರ ಬಂತು. ಮರ ತನ್ನ ಜೀವಮಾನದಲ್ಲೇ ಹಿಂದೆಂದೂ ಆ ದಿನದಷ್ಟು ಹಳದಿಯಾಗಿರಲಿಲ್ಲ. ಮಂಜು ತೆಳ್ಳಗಿತ್ತು. ಬೀದಿಯ ಬೆಕ್ಕುಗಳೂ ಗೋಡೆಗಳೂ ಬೇಕರಿಯ ಗಾಜೂ ಎಲ್ಲ ಚಿನ್ನದ ನೀರಿನಲ್ಲಿ ಅದ್ದಿ ತೆಗೆದ ಹಾಗೆ. ಕಡಿಯುವವರ ಲಾರಿ ಬಂದು ನಿಂತಿತು. ಅವರ ಯಜಮಾನ ಅಗಲ ಭುಜದ ಮನುಷ್ಯ, ಯಂತ್ರದ ಗರಗಸವನ್ನು ಕೂಸಿನ ಹಾಗೆ ಎತ್ತಿಕೊಂಡು ಇಳಿದವನು ಮರವನ್ನು ನೋಡಿ, "ಪಾಪ, ಈ ಹೊತ್ತಲ್ಲಿ ಕಡಿಬೇಕಾ?" ಎಂದು ತನಗೆ ತಾನೇ ಅಂದುಕೊಂಡ. ಮೇಡಂ ಹೊಸ ಸೀರೆ ಉಟ್ಟು ಬಂದಿದ್ದಳು. ಇಸ್ತ್ರಿ ಅಕ್ಕ ತನ್ನ ಮೇಜನ್ನು ತೆಗೆಯದೆ, ಆ ಬಣ್ಣದ ಕೊಡೆಯನ್ನು ಮಾತ್ರ ಮಡಚಿಟ್ಟು, ಕಾಂಡಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

ಗೊಣಗಣ್ಣ ಬಂದ. ಸಮವಸ್ತ್ರ ಇಸ್ತ್ರಿಯಾಗಿತ್ತು. ಮೀಸೆ ಎರಡೂ ಕಡೆ ಸಮವಾಗಿತ್ತು. ಕೈಯಲ್ಲಿ ಪೊರಕೆ ಇರಲಿಲ್ಲ. ಮರದ ಮುಂದೆ ನಿಂತು, ಅಂಗಿಯ ಗುಂಡಿ ಸರಿಮಾಡಿಕೊಂಡು, ಕೈಮುಗಿದ.

"ಹೋಗಿಬನ್ನಿ," ಅಂದ. "ನಿಮ್ಮಿಂದ ನಮಗೇನೂ ತೊಂದರೆ ಆಗಿಲ್ಲ. ನೀವು ಬಹಳ ಒಳ್ಳೆಯವರು."

ನಮ್ಮ ಬೀದಿಯಲ್ಲಿ ಅದಕ್ಕಿಂತ ಘೋರವಾದ ಮಾತನ್ನು ಯಾರೂ ಕೇಳಿರಲಿಲ್ಲ. ಬೇಕರಿಯವನು ಏಪ್ರನ್ನಿನಿಂದ ಮುಖ ಒರೆಸಿಕೊಂಡ. ಎದುರುಮನೆಯ ಯಜಮಾನರು ಕಿಟಕಿ ಮುಚ್ಚಿಕೊಂಡರು. ಏನೂ ಅರಿಯದ ಮೇಡಂ, "ಎಷ್ಟು ದೊಡ್ಡ ಮನಸ್ಸು ನಿಮ್ಮದು, ಶತ್ರುಗೂ ಒಳ್ಳೆ ಮಾತು," ಎಂದು ಕಣ್ಣಲ್ಲಿ ನೀರು ತಂದುಕೊಂಡು, ಕಡಿಯುವವನಿಗೆ ಕೈಸನ್ನೆ ಮಾಡಿದಳು. ಗರಗಸದ ಹಗ್ಗವನ್ನು ಅವನು ಎಳೆದ. ಅದು ಗುರ್ರೆಂದಿತು.

"ಅಕ್ಕಾ, ಸ್ವಲ್ಪ ಈಚೆ ಬನ್ನಿ," ಎಂದು ಕಡಿಯುವವನು ಇಸ್ತ್ರಿ ಅಕ್ಕನಿಗೆ ಹೇಳಿದ.

ಅಕ್ಕ ಅಲುಗಾಡಲಿಲ್ಲ. ಗಂಡನನ್ನೇ ನೋಡುತ್ತಿದ್ದಳು.

ಆಗ ಗೊಣಗಣ್ಣನ ಗಂಟಲು ತೆರೆಯಿತು. ಗರಗಸದ ಸದ್ದು ನಾಚಿಕೊಂಡು ಅಡಗಿಹೋಯಿತು. ಗರಗಸ ಕೆಟ್ಟಿತೆಂದು ಅದರವನು ಎರಡು ಸಲ ತಟ್ಟಿ ನೋಡಿದ.

"ಏನಮ್ಮಾ, ತಲೆ ನೆಟ್ಟಗಿದೆಯಾ ನಿನಗೆ?" ಎಂದು ಮೇಡಂ ಕಡೆ ತಿರುಗಿದ. "ಓದಿದ್ದೀಯಲ್ಲ, ಅಷ್ಟೂ ತಿಳಿಯಲ್ವಾ? ಬೈದ್ರು ಅಂದ್ರೆ ಕಡಿಸಿಬಿಡೋದಾ? ಗಂಡ ಬೈದ ಅಂತ ಹೆಂಡ್ತಿನ ಲಾರಿಗೆ ಹಾಕಿಸ್ತಾರಾ? ಅಪ್ಪ ಬೈದ ಅಂತ ಮಗಳನ್ನ ಒಲೆಗೆ ಇಡ್ತಾರಾ? ಮೊನ್ನೆ ಏಣಿ ಹತ್ತಿದ್ಯಲ್ಲ, ಬಿದ್ದು ಕಾಲು ಮುರ್ಕೊಂಡಿದ್ರೆ ನಿಮ್ಮಪ್ಪನಿಗೆ ಯಾರು ಉತ್ತರ ಹೇಳ್ತಿದ್ರು? ಮಳೆ ಇಲ್ಲ, ಗಾಳಿ ಇಲ್ಲ, ಬಗಲಲ್ಲಿ ಕೊಡೆ ಒಂದು. ಮರ ಕಡಿಸ್ತಾಳಂತೆ ಮರ. ಆ ಮರ ಬೇಕು ನನಗೆ. ಕೇಳ್ತಾ? ಬೇಕು. ಅದರ ಕೆಳಗೆ ನಿಂತಿದ್ದಾಳಲ್ಲ, ಅವಳೂ ಬೇಕು. ಇನ್ನು ಅದರ ತಂಟೆಗೆ ಬಂದ್ರೆ ನೋಡು ಮತ್ತೆ."

ಮರದ ಕೆಳಗೆ ನಿಂತಿದ್ದ ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮುಖ ಕೆಂಪಾಗಿದ್ದನ್ನು ಕೆಂಡದ ಶಾಖ ಎಂದು ಹೇಳೋಣವೆಂದರೆ ಆ ಬೆಳಿಗ್ಗೆ ಆಕೆ ಇನ್ನೂ ಕೆಂಡ ಹೊತ್ತಿಸಿರಲಿಲ್ಲ.

ಮೇಡಂ ಕಲ್ಲಾಗಿ ನಿಂತಿದ್ದಳು. ಕಣ್ಣು ತುಂಬಿತು. ಯಾವತ್ತೂ ಗಟ್ಟಿ ಮಾತು ಕೇಳದ ಹುಡುಗಿ. ಅಕ್ಕ ಬಂದು ಅವಳ ಭುಜ ಹಿಡಿದುಕೊಂಡಳು.

"ಅಳಬೇಡಮ್ಮ. ಇಷ್ಟು ದಿನ ನಿನ್ನ ಹೊಗಳ್ತಿದ್ರಲ್ಲ, ಆಗ ಅಳಬೇಕಾಗಿತ್ತು ನೀನು. ಇವತ್ತು ಬೈದ್ರು, ಇನ್ನು ನೀನು ನಮ್ಮನೆ ಹುಡುಗಿ."

ಮೇಡಂ ಅಕ್ಕನ ಮುಖ ನೋಡಿದಳು, ಬೇಕರಿಯವನ ಮುಖ ನೋಡಿದಳು. ಅವನು ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಮರ ನೋಡಿದಳು. ಇಷ್ಟು ದಿನ ಕೇಳಿದ್ದ ಪಾಪಿ, ಶನಿ, ಮನೆಹಾಳ ಎಲ್ಲವೂ ಅವಳ ಕಿವಿಯೊಳಗೆ ಮಗುಚಿ ಬಿದ್ದು ಹೊಸದಾಗಿ ಕೇಳಿಸಿರಬೇಕು. ಓದಿದವಳು, ಪಾಠ ಬೇಗ ಹತ್ತಿತು. ಕಣ್ಣೊರೆಸಿಕೊಂಡು, ಕೊಡೆಯ ತುದಿಯಿಂದ ನೆಲ ಕುಟ್ಟಿ, ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದವಳ ಹಾಗೆ ಕೇಳಿದಳು:

"ಈ ಮಾತನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ, ಗೊಣಗಣ್ಣ? ಮೊನ್ನೆ ಕೇಳಿದ್ನಲ್ಲ, ಆಗ ನಾಲಿಗೆ ಎಲ್ಲಿಟ್ಟಿದ್ರಿ? ನಾನು ಕಚೇರಿಯಲ್ಲಿ ಯಾರ್ಯಾರ ಕಾಲು ಹಿಡಿದಿದ್ದೀನಿ ಗೊತ್ತಾ ನಿಮಗೋಸ್ಕರ? ಈಗ ಮತ್ತೆ ಹೋಗಿ ಬೇಡ ಅನ್ನಬೇಕು. ಅವರು ನನ್ನ ಹುಚ್ಚಾಸ್ಪತ್ರೆಗೆ ಸೇರಿಸ್ತಾರೆ."

ಗೊಣಗಣ್ಣ ಮೀಸೆ ತೀಡಿಕೊಂಡ. ಮೊಟ್ಟಮೊದಲ ಬಾರಿಗೆ ಆ ಹುಡುಗಿಯನ್ನು ಸರಿಯಾಗಿ ನೋಡಿದ. "ಬಾಯಿ ಇದೆಯಲ್ಲ ಇದಕ್ಕೆ," ಎಂದು ಹೆಂಡತಿಗೆ ಹೇಳಿದ.

ಕಡಿಯುವವನು ಕೆಮ್ಮಿದ. "ಹಾಗಾದ್ರೆ ನಾವು ಬಂದಿದ್ದು?"

ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲವೆಂದು ಎಲ್ಲರೂ ಸೇರಿ ಯೋಚಿಸಿ, ತಂತಿಯ ಹತ್ತಿರ ಒಣಗಿ ನಿಂತಿದ್ದ ಒಂದು ಕೊಂಬೆಯನ್ನು ತೋರಿಸಿದೆವು. ಅವನು ಏಣಿ ಹಾಕಿ ಹತ್ತಿದ. ಹಗ್ಗ ಎಳೆದ. ಗರಗಸ ಗುರ್ರೆಂದು ಕೊಂಬೆಗೆ ಹಲ್ಲು ತಾಗಿದ್ದೇ ತಡ, ಮರ ಬುಡದಿಂದ ನೆತ್ತಿಯವರೆಗೆ ಒಮ್ಮೆ ಜುಮ್ಮೆಂದು ನಡುಗಿತು.

ಆಮೇಲೆ ಆದದ್ದನ್ನು ಹೇಳಿದರೆ ನಂಬುವುದಿಲ್ಲ, ಆದರೂ ಹೇಳುತ್ತೇನೆ. ಇದ್ದಬದ್ದ ಎಲೆಯೆಲ್ಲ ಒಮ್ಮೆಗೇ ಬಂತು. ಬಿದ್ದದ್ದಲ್ಲ, ಸುರಿದದ್ದೂ ಅಲ್ಲ, ಇಳಿದು ಬಂತು, ಹಳದಿ ಆಕಾಶವೇ ಸಡಿಲವಾಗಿ ಇಳಿದ ಹಾಗೆ. ಲಾರಿ ಕಾಣದಾಯಿತು. ಏಣಿಯ ಮೇಲಿದ್ದವನು ಇಳಿಯಲು ನೆಲ ಹುಡುಕಿದರೆ ನೆಲವೇ ಅವನ ಸೊಂಟದವರೆಗೆ ಎದ್ದು ಬಂದಿತ್ತು. ಮೇಡಂ ಇದ್ದ ಜಾಗದಲ್ಲಿ ಒಂದು ಕೊಡೆಯ ತುದಿ ಮಾತ್ರ ಉಳಿದಿತ್ತು. ಬೇಕರಿಯವನು ಬಾಯಿ ತೆರೆದುಕೊಂಡು ನೋಡುತ್ತಿದ್ದನಾದ್ದರಿಂದ ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಇಸ್ತ್ರಿ ಅಕ್ಕನ ನಗು ಎಲೆಯೊಳಗಿನಿಂದ ಎಲ್ಲಿಂದಲೋ ಕೇಳುತ್ತಿತ್ತು.

ಗೊಣಗಣ್ಣ ಎದೆಯವರೆಗೆ ಎಲೆಯಲ್ಲಿ ನಿಂತು, ತಲೆ ಮೇಲೆತ್ತಿ, ಬರಿಮೈಯಾಗಿ ನಿಂತ ಮರವನ್ನು ನೋಡಿದ.

"ನೋಡಿದ್ಯಾ ಪಾಪಿ," ಅಂದ. "ಉಳಿಸಿದ್ದಕ್ಕೆ ಇದಾ ನಿನ್ನ ಬಹುಮಾನ? ಇರು, ನಿನ್ನ ಕಡಿಸಿ..." ಅಷ್ಟಕ್ಕೇ ನಿಲ್ಲಿಸಿ, ಪಕ್ಕದಲ್ಲಿ ತೇಲಿಬಂದ ಮೇಡಂ ಮುಖವನ್ನು ಓರೆಗಣ್ಣಿನಿಂದ ನೋಡಿ, "ನಿನ್ನ ಒಂದು ಕೈ ನೋಡ್ಕೋತೀನಿ," ಎಂದು ಮುಗಿಸಿದ.

ಓಣಿಗೆ ಹೋಗಿ ಪೊರಕೆ ತಂದ. ಒಂದಲ್ಲ, ಎರಡು. ಇನ್ನೊಬ್ಬರು ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದ ಪೊರಕೆಯನ್ನು ಮೇಡಂ ಕೈಗೆ ಕೊಟ್ಟ. ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಆಕೆ ಗುಡಿಸಲು ಶುರುಮಾಡಿದಳು. ಸಂಜೆಯವರೆಗೂ ನಮ್ಮ ಬೀದಿಯಲ್ಲಿ ಅವನ ಗಂಟಲೇ ಗಂಟಲು. "ಅದು ಪೊರಕೆ, ಲೇಖನಿ ಅಲ್ಲ. ಕೆಳಗೆ ಹಿಡಿ. ಗಾಳಿಗೆ ಎದುರು ಗುಡಿಸ್ತಾಳೆ, ಗಾಳಿ ಇವಳ ಮಾತು ಕೇಳುತ್ತಾ? ಇಂಥವರನ್ನ ಮೇಲೆ ಇಟ್ಟಿದ್ದಾರಲ್ಲ, ನಮ್ಮ ಕರ್ಮ." ಪ್ರತಿ ಮಾತಿಗೂ ಮೇಡಂ ಮುಖ ಇನ್ನಷ್ಟು ಅರಳುತ್ತಿತ್ತು.

ಈಗ ಗೊಣಗಣ್ಣ ನಿವೃತ್ತ. ಆದರೆ ಎಲೆ ಹಳದಿಯಾಗುವ ಕಾಲಕ್ಕೆ ಬೆಳಿಗ್ಗೆಯೇ ಬಂದು ಮರದ ಬುಡದಲ್ಲಿ ಕೂರುತ್ತಾನೆ. ಅಂದು ಕಡಿದ ಒಣ ಕೊಂಬೆಯಿಂದ ಮಾಡಿಸಿದ ಮಣೆಯೊಂದಿದೆ. ಕೂರಲು ಒಂದು ಚೂರೂ ಹಿತವಿಲ್ಲವೆಂದು ಅದನ್ನು ದಿನವೂ ಬೈದುಕೊಂಡೇ ಕೂರುತ್ತಾನೆ. ಹೆಂಡತಿಯ ಚಹಾವನ್ನು, ಇದು ಚಹಾವೋ ಬಟ್ಟೆ ಹಿಂಡಿದ ನೀರೋ ಎಂದು ಕೇಳುತ್ತಾನೆ. ಆಕೆ, "ಬೇಕಾ ಬೇಡ್ವಾ?" ಎಂದು ಕೇಳುತ್ತಾಳೆ. ಅವನು ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಬೇಕು," ಅನ್ನುತ್ತಾನೆ. ಬೀದಿಯ ಆ ತುದಿಯವರೆಗೂ ಕೇಳಿಸುತ್ತದೆ.

ಅವನ ಜಾಗಕ್ಕೆ ಬಂದಿರುವ ಹೆಂಗಸು ಗಟ್ಟಿಗಿತ್ತಿ. ಮೊದಮೊದಲು ಗೊಣಗಣ್ಣ ಅವಳಿಗೆ, "ನೀವು ಬಹಳ ಚೆನ್ನಾಗಿ ಗುಡಿಸ್ತೀರಮ್ಮ," ಎಂದು ಕೈಮುಗಿಯುತ್ತಿದ್ದ. ಅವಳು ಸಂತೋಷದಿಂದ ಮನೆಗೆ ಹೋಗುತ್ತಿದ್ದಳು, ನಾವು ಮರುಕದಿಂದ ನೋಡುತ್ತಿದ್ದೆವು. ಮೊನ್ನೆ ಅವಳು ಮೇಡಂ ಸ್ಕೂಟರಿಗೆ ಅಡ್ಡ ನಿಂತು ದೂರು ಹೇಳಿದಳು. ಕಣ್ಣು ತುಂಬಿಕೊಂಡಿದ್ದಳು.

"ನೋಡಿ ಮೇಡಂ, ಆ ಮುದುಕ ಇವತ್ತು ನನ್ನನ್ನ ಏನಂದ ಅಂತ. ಗುಡಿಸ್ತಿದ್ದೀಯಾ ಇಲ್ಲಾ ರಸ್ತೆಗೆ ಕಚಗುಳಿ ಇಡ್ತಿದ್ದೀಯಾ ಅಂತ ಕೇಳ್ತಾನೆ. ನಾನೇನ್ ತಪ್ಪು ಮಾಡಿದೆ?"

ಮೇಡಂ ಸ್ಕೂಟರು ನಿಲ್ಲಿಸಿ ಇಳಿದಳು. ಕೊಡೆಯನ್ನು ಬಗಲಿಗೆ ಸಿಕ್ಕಿಸಿ, ಅವಳ ಭುಜದ ಮೇಲಿದ್ದ ಒಂದು ಹಳದಿ ಎಲೆಯನ್ನು ತೆಗೆದು, ಅವಳನ್ನು ಮರದ ಕೆಳಗೆ ಕರೆದುಕೊಂಡು ಹೋದಳು.

"ಅಕ್ಕಾ," ಎಂದು ಇಸ್ತ್ರಿ ಮೇಜಿನ ಕಡೆಗೆ ಕೂಗಿದಳು, "ಇನ್ನೊಂದು ಲೋಟ ಚಹಾ ಹಾಕಿ. ನಮ್ಮವರು ಒಬ್ರು ಜಾಸ್ತಿ ಆದ್ರು."